ಹನುಮಂತ ‘ಸುಳ್ಳು ದೇವರು’ ಅಂದವರಿಗೇ ನಮ್ಮವರ ವೋಟಾ?

ವಿದ್ಯಾ ಫ್ರೀಮಾಂಟ್:
ಟೆಕ್ಸಾಸ್‌ನ ಶುಗರ್ ಲ್ಯಾಂಡ್‌ನಲ್ಲಿ ಅಷ್ಟಲಕ್ಷ್ಮಿ ದೇವಸ್ಥಾನದ ಅಂಗಳದಲ್ಲಿ 90 ಅಡಿಯ ಹನುಮಂತ ನಿಂತಿದ್ದಾನಲ್ಲ, 2024ರ ಆಗಸ್ಟಿನಲ್ಲಿ ಪ್ರತಿಷ್ಠೆ ಆಗಿದ್ದು. 2025ರ ಸೆಪ್ಟೆಂಬರಿನಲ್ಲಿ ಅಲೆಕ್ಸಾಂಡರ್ ಡಂಕನ್ ಅನ್ನುವ ರಿಪಬ್ಲಿಕನ್, ಸೆನೆಟ್‌ಗೆ ನಿಲ್ಲಲು ಹೊರಟವನು, ‘ಸುಳ್ಳು ದೇವರ ಸುಳ್ಳು ವಿಗ್ರಹವನ್ನು ಇಲ್ಲಿ ಯಾಕೆ ಬಿಟ್ಟುಕೊಂಡಿದ್ದೇವೆ, ನಮ್ಮದು ಕ್ರೈಸ್ತ ದೇಶ’ ಅಂತ ಬರೆದ. ಅಕ್ಟೋಬರ್ ಕೊನೆಗೆ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಸಭೆಯಲ್ಲಿ ಉಪಾಧ್ಯಕ್ಷ ವ್ಯಾನ್ಸ್, ಹಿಂದೂ ಹೆಂಡತಿ ಉಷಾ ಒಂದಲ್ಲ ಒಂದು ದಿನ ಕ್ರೈಸ್ತ ಧರ್ಮಕ್ಕೆ ಬರಲಿ ಅನ್ನುವ ಆಸೆ ತನಗಿದೆ ಅಂದರು. ಕಟ್ಟಿಕೊಂಡ ಹೆಂಡತಿಯ ದೇವರಮನೆಗೇ ಈ ಗತಿ.

ಮೊನ್ನೆ ನಮ್ಮೂರ ರಾಜ್ಯೋತ್ಸವದ ಊಟದಲ್ಲಿ ಒಬ್ಬರು ಬಿಸಿಬೇಳೆಬಾತಿನ ಮೇಲೆ ಖಾರಾಬೂಂದಿ ಉದುರಿಸಿಕೊಳ್ಳುತ್ತಾ, ‘ಟ್ರಂಪ್ ಬಂದಮೇಲೆ ಹಿಂದೂಗಳಿಗೆ ಬೆಲೆ ಬಂತು ನೋಡಿ’ ಅಂದರು. ಅಲ್ಲಿ ಸುಮ್ನೆ ಇದ್ದೆ. ಇಲ್ಲಿ ಕೇಳುತ್ತಿದ್ದೇನೆ. ಯಾವ ಬೆಲೆ?

ಪ್ಲೇನೋ ರಂಗ:
ವಿದ್ಯಾ ಅವರೇ, ಯಾರು ಆ ಡಂಕನ್? ನಾನು 14 ವರ್ಷದಿಂದ ಟೆಕ್ಸಾಸಿನಲ್ಲಿದ್ದೇನೆ, ಆ ಹೆಸರು ಆವತ್ತೇ ಮೊದಲು ಕೇಳಿದ್ದು. ಅವನು ಬೊಗಳಿದ, ಹನುಮಂತ ನಿಂತಲ್ಲೇ ನಿಂತಿದ್ದಾನೆ. ವಿಗ್ರಹ ಎದ್ದಿದ್ದು ರಿಪಬ್ಲಿಕನ್ನರ ರಾಜ್ಯದಲ್ಲಿ. ನಿಮ್ಮ ಕ್ಯಾಲಿಫೋರ್ನಿಯಾದಲ್ಲಿ? 2023ರ ಡಿಸೆಂಬರಿನಲ್ಲಿ ನೆವಾರ್ಕ್, 2025ರ ಮಾರ್ಚಿನಲ್ಲಿ ಚೀನೋ ಹಿಲ್ಸ್. ಎರಡೂ ಕಡೆ ದೇವಸ್ಥಾನದ ಗೋಡೆ ಮೇಲೆ ಬೈಗುಳ ಬರೆದು ಹೋದರು. ಅದಕ್ಕೊಂದು ಪೋಸ್ಟ್ ಹಾಕಿದ್ರಾ?

ಇನ್ನೊಂದು ಮಾತು. 2025ರ ಸೆಪ್ಟೆಂಬರ್ 10ಕ್ಕೆ ಡಲ್ಲಾಸಿನ ಮೋಟೆಲ್ ಒಂದರಲ್ಲಿ ನಮ್ಮ ಕನ್ನಡಿಗ ಮ್ಯಾನೇಜರನ್ನು ಹೆಂಡತಿ, ಮಗನ ಎದುರೇ ಕಡಿದು ಕೊಂದರು. ಆರೋಪಿ ಕ್ಯೂಬಾದವನು, ಹಳೇ ಕೇಸುಗಳಿದ್ದವನು. ಕ್ಯೂಬಾ ವಾಪಸ್ ತೆಗೆದುಕೊಳ್ಳಲಿಲ್ಲ ಅಂತ ಜನವರಿಯಲ್ಲಿ ಬಿಟ್ಟುಬಿಟ್ಟರು, ಬೈಡನ್ ಇನ್ನೂ ಕುರ್ಚಿಯಲ್ಲಿದ್ದಾಗ. ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ನೀವು ಟ್ವೀಟ್ ಹಿಡಿದುಕೊಂಡು ಕೂತಿದ್ದೀರಿ.

ವಿದ್ಯಾ ಫ್ರೀಮಾಂಟ್:
‘ಬೊಗಳಿದ’ ಅಂತ ನೀವೇ ಒಪ್ಪಿದಿರಲ್ಲ, ಅಷ್ಟು ಸಾಕು. ಆ ಕೊಲೆಯ ಸುದ್ದಿ ಓದಿ ರಾತ್ರಿ ನಿದ್ದೆ ಬಂದಿಲ್ಲ ನನಗೂ. ಆದರೆ ಅದಾದ ಒಂಬತ್ತನೇ ದಿನ, ಸೆಪ್ಟೆಂಬರ್ 19ಕ್ಕೆ, ಹೊಸ ಎಚ್-1ಬಿ ಕೆಲಸದ ವೀಸಾ ಅರ್ಜಿಗೆ 1,00,000 ಡಾಲರ್ ಶುಲ್ಕ ಹಾಕಿದ್ದು ಯಾರು? ಆ ಕುಟುಂಬಕ್ಕೆ ಕಣ್ಣೀರು ಹಾಕಿದ ಅದೇ ಟ್ರಂಪ್ ಮಹಾನುಭಾವರು.

ಮೌನಿ:
ಹನುಮಂತನ ಕೇಸೇ ವೀಕು ಸ್ವಾಮಿ. ಸಮುದ್ರ ಹಾರಿಕೊಂಡು ಬಂದವನು. ಕಾಗದ ಪತ್ರ ಇಲ್ಲ. ಕೈಯಲ್ಲಿ ಒಂದು ಉಂಗುರ.

ಲೆಕ್ಕದ ಮೇಷ್ಟ್ರು:
ಭಾವನೆ ಬದಿಗಿಟ್ಟು ಅಂಕಿ ನೋಡೋಣ. ಕಾರ್ನೆಗಿ ಸಂಸ್ಥೆಯ ಸಮೀಕ್ಷೆ ಪ್ರಕಾರ 2020ರಲ್ಲಿ ನಮ್ಮವರಲ್ಲಿ ಶೇ 68 ಡೆಮಾಕ್ರಟ್ ಪಕ್ಷದ ಬೈಡನ್ ಕಡೆ. 2024ರಲ್ಲಿ ಅದೇ ಪಕ್ಷದ ಹ್ಯಾರಿಸ್ ಕಡೆ ಶೇ 61. ತಾಯಿ ಚೆನ್ನೈಯವರು ಅನ್ನುವ ಅಭ್ಯರ್ಥಿ ನಿಂತಾಗಲೇ ವೋಟು ಇಳಿಯಿತು. ಯಾಕೆ? ಹಾರ್ವರ್ಡ್ ವಿಶ್ವವಿದ್ಯಾಲಯದ ಸೀಟಿನ ಕೇಸು. ಏಷ್ಯನ್ ಮಕ್ಕಳಿಗೆ ಅಂಕ ಎಷ್ಟೇ ಇರಲಿ, ‘ವ್ಯಕ್ತಿತ್ವ’ ಅನ್ನುವ ಕಾಲಮ್ಮಿನಲ್ಲಿ ಕಡಿಮೆ ಹಾಕುತ್ತಿದ್ದರು. ಮಗುವಿನ ಮುಖ ನೋಡದೆ ವ್ಯಕ್ತಿತ್ವಕ್ಕೆ ಮಾರ್ಕ್ಸು! 2023ರ ಜೂನ್ 29ಕ್ಕೆ ಸುಪ್ರೀಂ ಕೋರ್ಟ್, ಸೀಟು ಕೊಡುವಾಗ ಜನಾಂಗ ನೋಡುವುದನ್ನೇ ನಿಲ್ಲಿಸಿತು. ಇದು ಜನಾಂಗಭೇದ ಅಲ್ವಾ? ಮಾಡಿದವರು ಯಾವ ಪಕ್ಷದವರು ಅಂತ ಬೇರೆ ಹೇಳಬೇಕಾ?

ಕೋಲಾರದ ಹುಡುಗಿ:
ಮೇಷ್ಟ್ರೇ, ಕೋರ್ಟ್ ನಿಲ್ಲಿಸಿದ ಮೇಲೆ ಹಾರ್ವರ್ಡಿನಲ್ಲಿ ಏನಾಯಿತು ಅಂತಲೂ ಹೇಳಿ. ಏಷ್ಯನ್ ಮಕ್ಕಳು ಶೇ 37 ಇದ್ದರು, ಮರುವರ್ಷ 2024ರಲ್ಲೂ ಶೇ 37 ಆಗಿಯೇ ಉಳಿದರು. ಕಪ್ಪು ಮಕ್ಕಳು ಶೇ 18ರಿಂದ 14ಕ್ಕೆ ಇಳಿದರು. ಅಷ್ಟೇ ಲಾಭ.

ಲೆಕ್ಕದ ಮೇಷ್ಟ್ರು:
ಎಂಐಟಿ ನೋಡಮ್ಮ. ಏಷ್ಯನ್ ಮಕ್ಕಳು ಶೇ 40ರ ಆಸುಪಾಸಿನಿಂದ 47ಕ್ಕೆ ಏರಿದರು. ಬೇಕಾದ ಕಾಲೇಜು ಮಾತ್ರ ಹೆಕ್ಕಬಾರದು.

ಕೋಲಾರದ ಹುಡುಗಿ:
ಹಾರ್ವರ್ಡ್ ಹೆಸರು ತೆಗೆದವರು ನೀವು. ಅಂಕಿ ತಪ್ಪಿದ ಕೂಡಲೇ ಎಂಐಟಿಗೆ ಜಿಗಿದವರೂ ನೀವು. ಹೆಕ್ಕಿದ್ದು ನಾನಾ?

ಪ್ಲೇನೋ ರಂಗ:
ಅಂಕಿ ಗಿಂಕಿ ಬಿಡಿ, ಬದುಕಿನ ಮಾತಾಡೋಣ. ನಮ್ಮ ಭಾವನಿಗೆ ಡಲ್ಲಾಸಿನ ದಕ್ಷಿಣಕ್ಕೆ ಗ್ಯಾಸ್ ಸ್ಟೇಷನ್ ಇದೆ. ಕರಿಯರ ಏರಿಯಾ. ಕೌಂಟರಿಗೆ ಮೂರು ಬೆರಳು ದಪ್ಪದ ಗಾಜು ಹಾಕಿಸಿದ್ದಾನೆ, ಕೆಳಗೆ ಒಂದು ಸಂದು, ಅದರಲ್ಲೇ ಕಾಸು, ಅದರಲ್ಲೇ ಚಿಲ್ಲರೆ. ಎರಡು ಸಲ ಗನ್ ತೋರಿಸಿದ್ದಾರೆ. 2020ರಲ್ಲಿ ಪೊಲೀಸರಿಗೆ ದುಡ್ಡೇ ಕೊಡಬೇಡಿ ಅಂತ ಬೀದಿಗಿಳಿದರಲ್ಲ ನಿಮ್ಮವರು, ಅವರಲ್ಲಿ ಒಬ್ಬರಾದರೂ ಬಂದು ಒಂದು ರಾತ್ರಿ ಆ ಗಾಜಿನ ಹಿಂದೆ ಕೂತಿದ್ರಾ?

ಕೋಲಾರದ ಹುಡುಗಿ:
‘ಕರಿಯರ ಏರಿಯಾ’?

ಪ್ಲೇನೋ ರಂಗ:
ಹೌದು. ಏನಿವಾಗ?

ಕೋಲಾರದ ಹುಡುಗಿ:
ಜನಾಂಗಭೇದದ ಬಗ್ಗೆ ಚರ್ಚೆ ನಡೆಯುತ್ತಿದೆ, ಅದರ ನಡುವೆ ‘ಕರಿಯರು’ ಅಂತ ಆರಾಮಾಗಿ ಬರೆಯುತ್ತೀರಿ. ಡಂಕನ್‌ಗೂ ನಿಮಗೂ ಏನು ವ್ಯತ್ಯಾಸ?

ಪ್ಲೇನೋ ರಂಗ:
ಬಂತು ನೋಡಿ! ಗನ್ ತೋರಿಸಿದ್ದು ಕಾಣಲಿಲ್ಲ, ಪದ ಕಂಡಿತು. ತಂಗಿ, ನಮ್ಮ ತಾತನ ಹೆಸರು ಕರಿಯಣ್ಣ. ಶಿರಾ ಕಡೆ ಒಂದೊಂದು ಊರಿಗೆ ನಾಲ್ಕು ಕರಿಯಣ್ಣ ಸಿಗುತ್ತಾರೆ. ಕರಿಯಮ್ಮ ನಮ್ಮ ಕಡೆ ದೇವರು. ಕರಿ ಅಂದರೆ ಬೈಗುಳ ಅಂತ ನಿನಗೆ ಹೇಳಿಕೊಟ್ಟವರು ಯಾರು, ಅಮೆರಿಕದ ಪ್ರೊಫೆಸರಾ?

ಕೋಲಾರದ ಹುಡುಗಿ:
ನಿಮ್ಮ ತಾತನನ್ನು ಊರವರು ‘ಲೇ ಕರಿಯ’ ಅಂದರೆ ತಾತ ಏನು ಮಾಡುತ್ತಿದ್ದರು? ‘ಅಣ್ಣ’ ಅಂತ ಬಾಲ ಇದ್ದರೆ ಹೆಸರು, ಬಾಲ ಕತ್ತರಿಸಿದರೆ ಬೈಗುಳ. ಇದನ್ನು ಹೇಳಿಕೊಡಲು ಪ್ರೊಫೆಸರ್ ಬೇಡ. ಐದನೇ ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ನನಗೆ ಚೆನ್ನಾಗಿ ಹೇಳಿಕೊಟ್ಟಿದ್ದಾರೆ. ಮತ್ತೆ, ‘ತಂಗಿ’ ಸರಿ, ‘ನಿನಗೆ’ ಬೇಡ.

ಲೆಕ್ಕದ ಮೇಷ್ಟ್ರು:
ವ್ಯಾಕರಣದ ಪ್ರಕಾರ ‘ಬಿಳಿಯರು’, ‘ಕರಿಯರು’ ಎರಡೂ ಒಂದೇ ಅಚ್ಚಿನಲ್ಲಿ ಆದ ಪದ. ವಿದ್ಯಾ ಅವರು ಇದೇ ವೇದಿಕೆಯಲ್ಲಿ ‘ಬಿಳಿಯರು’ ಅಂತ ನೂರು ಸಲ ಬರೆದಿದ್ದಾರೆ. ಆಗ ಯಾರಿಗೂ ನೋವಾಗಲಿಲ್ಲ.

ವಿದ್ಯಾ ಫ್ರೀಮಾಂಟ್:
ನನ್ನನ್ನು ಯಾಕೆ ಎಳೆಯುತ್ತೀರಿ ಮೇಷ್ಟ್ರೇ? ಬಿಳಿಯರನ್ನು ಬಿಳಿಯರು ಅಂದರೆ ಅವರಿಗೆ ಬಾಡಿಗೆ ಮನೆ ಸಿಗದೆ ಹೋಗುವುದಿಲ್ಲ. ಪದದ ಹಿಂದೆ ಏನು ನಡೆದಿದೆ ಅನ್ನುವುದು ಮುಖ್ಯ. ಇಂಗ್ಲಿಷಿನವರೇ ಬದಲಾದರು. 2020ರ ಜೂನಿನಲ್ಲಿ ಎಪಿ ಸುದ್ದಿ ಸಂಸ್ಥೆ ‘ಬ್ಲ್ಯಾಕ್’ ಅನ್ನು ದೊಡ್ಡಕ್ಷರದಿಂದ ಬರೆಯುತ್ತೇವೆ ಅಂದಿತು.

ಲೆಕ್ಕದ ಮೇಷ್ಟ್ರು:
ಕನ್ನಡದಲ್ಲಿ ದೊಡ್ಡಕ್ಷರ ಎಲ್ಲಿದೆ?

ಮೌನಿ:
ಒತ್ತಕ್ಷರ ಹಾಕಿ. ಕರ‍್ರಿಯರು.

ಎಡಿಸನ್ ಅಜ್ಜ:
ನಾನು 1974ರಲ್ಲಿ ಎರಡು ಸೂಟ್‌ಕೇಸ್ ಹಿಡಿದು ನ್ಯೂಜೆರ್ಸಿಗೆ ಬಂದವನು. ನಮ್ಮ ಕಾಲದ ಕನ್ನಡ ಪತ್ರಿಕೆಯಲ್ಲಿ ‘ನೀಗ್ರೋ’ ಅಂತಲೇ ಬರೆಯುತ್ತಿದ್ದರು. 1963ರಲ್ಲಿ ವಾಷಿಂಗ್ಟನ್ನಿನ ಭಾಷಣದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೂಡ ಆ ಪದವನ್ನೇ ಆಡಿದರು. 1909ರಲ್ಲಿ ಹುಟ್ಟಿದ, ಕಪ್ಪು ಜನರ ಹಕ್ಕಿಗೆ ಹೋರಾಡುವ ಎನ್‌ಎಎಸಿಪಿ ಸಂಘದ ಹೆಸರಿನಲ್ಲಿ ಇವತ್ತಿಗೂ ‘ಕಲರ್ಡ್’ ಇದೆ. ಪದ ಹೋಗುತ್ತದೆ, ಬರುತ್ತದೆ. ಅದಕ್ಕಿಂತ ದೊಡ್ಡ ವಿಷಯ ಇದೆ, ಕೇಳಿ.

1987ರಲ್ಲಿ ಜೆರ್ಸಿ ಸಿಟಿಯಲ್ಲಿ ‘ಡಾಟ್‌ಬಸ್ಟರ್ಸ್’ ಅಂತ ಪುಂಡರ ಗುಂಪು ಇತ್ತು. ಕುಂಕುಮದ ಬೊಟ್ಟು ಕಂಡರೆ ಬಿಡುವುದಿಲ್ಲ, ಭಾರತೀಯರನ್ನು ಊರು ಬಿಡಿಸುತ್ತೇವೆ ಅಂತ ಪತ್ರಿಕೆಗೇ ಕಾಗದ ಬರೆದಿದ್ದರು. ನನ್ನ ಹೆಂಡತಿ ಕಾರು ಹತ್ತುವಾಗ ಬೊಟ್ಟು ತೆಗೆದು ಡ್ಯಾಶ್‌ಬೋರ್ಡಿಗೆ ಅಂಟಿಸುತ್ತಿದ್ದಳು. ಮನೆಯ ಗ್ಯಾರೇಜಿಗೆ ಬಂದಮೇಲೆ ಮತ್ತೆ ಇಟ್ಟುಕೊಳ್ಳುತ್ತಿದ್ದಳು. ಆ ಕಾರು ಮಾರುವಾಗ ಎಣಿಸಿದೆ, ಡ್ಯಾಶ್‌ಬೋರ್ಡಿನ ಅಂಚಿನಲ್ಲಿ ಹನ್ನೊಂದು ಸ್ಟಿಕರ್ ಬೊಟ್ಟು ಉಳಿದಿದ್ದವು. ಆಗ ನಮ್ಮ ಜೊತೆ ನಿಂತವರು ಯಾರು, ನಿಲ್ಲದವರು ಯಾರು ಅಂತ ನನಗೆ ಗೊತ್ತು. ಪಕ್ಷ ನೋಡಿ ಯಾರೂ ಬರಲಿಲ್ಲ.

ಪ್ಲೇನೋ ರಂಗ:
ಅಜ್ಜ ಹೇಳಿದ್ದು ಕೇಳಿಸಿತಾ? ಕಿಂಗ್ ‘ನೀಗ್ರೋ’ ಅಂದರೆ ಭಾಷಣ, ರಂಗ ‘ಕರಿಯ’ ಅಂದರೆ ಜನಾಂಗಭೇದ.

ಕೋಲಾರದ ಹುಡುಗಿ:
ಕಿಂಗ್ ತನ್ನ ಜನಕ್ಕೆ ತಾನು ಹೇಳಿದ್ದು. ಆಮೇಲೆ ಆ ಜನವೇ ಬೇಡ ಅಂದರು. ‘ಹರಿಜನ’ ಅನ್ನುವುದನ್ನೂ ಗಾಂಧೀಜಿ ಪ್ರೀತಿಯಿಂದಲೇ ಹೇಳಿದ್ದು. ನಮಗೆ ಬೇಡ ಅಂದೆವು, ಸರ್ಕಾರಿ ಕಾಗದದಲ್ಲೂ ಬಿಟ್ಟರು. ಈಗಲೂ ‘ಅಯ್ಯೋ ಅದು ಒಳ್ಳೇ ಪದ ಅಲ್ವಾ’ ಅನ್ನುವವರು ಇದ್ದಾರೆ. ಅವರ ದನಿಯೂ ನಿಮ್ಮ ದನಿಯೂ ಒಂದೇ ಥರ ಕೇಳುತ್ತದೆ ರಂಗಣ್ಣ.

ಸಿದ್ದಾಪುರದವ:
ನಮ್ಮ ಉತ್ತರ ಕನ್ನಡದಲ್ಲಿ ಸಿದ್ದಿ ಜನ ಇದ್ದಾರೆ. ಯಲ್ಲಾಪುರ, ಹಳಿಯಾಳ, ಅಂಕೋಲೆ ಕಾಡಿನ ಸೆರಗಿನಲ್ಲಿ. ನೂರಾರು ವರ್ಷದ ಹಿಂದೆ ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು. ನಮಗಿಂತ ಚಂದ ಕನ್ನಡ ಆಡುತ್ತಾರೆ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಅವರೇ ಬೆಂಗಳೂರಿಗೆ ಬಂದರೆ ಆಟೋದವರು ‘ಯಾವ ದೇಶ?’ ಅಂತ ಇಂಗ್ಲಿಷಿನಲ್ಲಿ ಕೇಳುತ್ತಾರೆ. ಅವರನ್ನು ರಂಗಣ್ಣ ಏನಂತ ಕರೆಯುತ್ತಾರೆ?

ಪ್ಲೇನೋ ರಂಗ:
ಸಿದ್ದಿ ಅಂತ. ಅವರ ಹೆಸರು ಅದೇ ಅಲ್ವಾ?

ಸಿದ್ದಾಪುರದವ:
ಹಾಗಾದರೆ ಕರೆಯಲು ಹೆಸರು ಇದ್ದರೆ ಬಣ್ಣ ಬೇಕಾಗಿಲ್ಲ. ಒಪ್ಪಿದಿರಿ.

ಪ್ಲೇನೋ ರಂಗ:
ನಾನು ಏನೂ ಒಪ್ಪಿಲ್ಲ. ಮಾತು ತಿರುಚಬೇಡಿ.

ಜಯನಗರದ ಜಾಣ:
ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಅಲ್ಲಿ ಕೂತು ನೀವು ಅಮೆರಿಕದವರಿಗೆ ಪಾಠ ಹೇಳುತ್ತೀರಿ, ಇಲ್ಲಿ ನಾವೇನು ಕಡಿಮೆಯಾ? 2016ರ ಜನವರಿ 31, ಹೆಸರಘಟ್ಟ. ಸೂಡಾನಿನ ಒಬ್ಬ ಹುಡುಗನ ಕಾರು ಹಾಯ್ದು ಹೆಂಗಸು ಸತ್ತಳು. ಅರ್ಧ ಗಂಟೆ ಬಿಟ್ಟು ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ಹುಡುಗಿಯನ್ನು ಜನ ಹಿಡಿದು ಹೊಡೆದರು, ಕಾರು ಸುಟ್ಟರು. ಸೂಡಾನ್ ಬೇರೆ, ತಾಂಜಾನಿಯಾ ಬೇರೆ ಅಂತ ಯಾರೂ ಕೇಳಲಿಲ್ಲ. ಮದುವೆ ಜಾಹೀರಾತಿನಲ್ಲಿ ಇವತ್ತಿಗೂ ‘ಎಣ್ಣೆಗೆಂಪು, ಗೋಧಿ ಬಣ್ಣ’. ಕಪ್ಪಗಿದ್ದರೆ ‘ಲಕ್ಷಣವಾಗಿದ್ದಾಳೆ’ ಅಂತ ಬರೆಯುತ್ತಾರೆ.

ವಿದ್ಯಾ ಫ್ರೀಮಾಂಟ್:
ಚರ್ಚೆ ಅಮೆರಿಕದ್ದು. 2017ರ ಫೆಬ್ರುವರಿಯಲ್ಲಿ ಕಾನ್ಸಾಸ್‌ನ ಒಲೇಥದಲ್ಲಿ ಹೈದರಾಬಾದ್ ಕಡೆಯ ಇಂಜಿನಿಯರನ್ನು ಬಾರ್‌ನಲ್ಲಿ ಗುಂಡಿಟ್ಟು ಕೊಂದರಲ್ಲ, ಅದೂ ಇದೇ ಥರ. ಕೊಂದವನು ಅವರನ್ನು ಇರಾನಿನವರು ಅಂದುಕೊಂಡಿದ್ದ. ‘ನನ್ನ ದೇಶ ಬಿಟ್ಟು ತೊಲಗಿ’ ಅಂತ ಕೂಗಿದ. 2001ರ ಸೆಪ್ಟೆಂಬರ್ 15ಕ್ಕೆ ಅರಿಜೋನಾದ ಮೆಸಾದಲ್ಲಿ ಗ್ಯಾಸ್ ಸ್ಟೇಷನ್ ಇಟ್ಟಿದ್ದ ಸರ್ದಾರ್ಜಿಯನ್ನು ಕೊಂದವನಿಗೆ ಪೇಟ ಕಂಡಿತ್ತು, ಅಷ್ಟೇ. 2012ರಲ್ಲಿ ವಿಸ್ಕಾನ್ಸಿನ್ನಿನ ಓಕ್ ಕ್ರೀಕ್ ಗುರುದ್ವಾರಕ್ಕೆ ನುಗ್ಗಿದವನು ಬಿಳಿಯರೇ ಮೇಲು ಅನ್ನುವ ಗುಂಪಿನವನು. ಗುಂಡಿಗೆ ನೀವು ಯಾವ ಪಕ್ಷ, ಯಾವ ಧರ್ಮ ಅಂತ ಗೊತ್ತಾಗುವುದಿಲ್ಲ ರಂಗ ಅವರೇ. ‘ನಾವು ಬೇರೆ, ಅವರು ಬೇರೆ’ ಅಂದರೆ ಅವರು ನಂಬುವುದಿಲ್ಲ.

ಪ್ಲೇನೋ ರಂಗ:
ಕಾನ್ಸಾಸ್ ಕಥೆ ಪೂರ್ತಿ ಹೇಳಿ. ಅಡ್ಡ ನಿಂತು ಗುಂಡು ತಿಂದವನೂ ಬಿಳಿಯನೇ. ಹ್ಯೂಸ್ಟನ್ನಿನ ನಮ್ಮವರು ಅವನಿಗೆ ಮನೆ ಕೊಳ್ಳಲು 1,00,000 ಡಾಲರ್ ಕೂಡಿಸಿಕೊಟ್ಟರು. ಅದು ನಿಮ್ಮ ಕಥೆಗೆ ಕೂರುವುದಿಲ್ಲ, ಅದಕ್ಕೇ ಬಿಟ್ಟಿರಿ.

ಕೋಲಾರದ ಹುಡುಗಿ:
ಬಿಳಿಯನೊಬ್ಬ ಒಳ್ಳೆಯವನಾದರೆ ಲೆಕ್ಕಕ್ಕೆ ಬರುತ್ತಾನೆ. ಗನ್ ತೋರಿಸಿದವನು ಮಾತ್ರ ‘ಕರಿಯರು’, ಬಹುವಚನ.

ಲೆಕ್ಕದ ಮೇಷ್ಟ್ರು:
ಬಹುವಚನ ಗೌರವ ಸೂಚಕವೂ ಹೌದು.

ಕೋಲಾರದ ಹುಡುಗಿ:
ಮೇಷ್ಟ್ರೇ, ಈ ಮಾತಿಗೆ ನಿಮಗೆ ನಗು ಬರಲಿಲ್ವಾ ಬರೆಯುವಾಗ?

ಎಡಿಸನ್ ಅಜ್ಜ:
ನೀವು ‘ಕರಿ’ಯಲ್ಲೇ ಸಿಕ್ಕಿಹಾಕಿಕೊಂಡಿರಿ. ನಾವು ಇಲ್ಲಿಗೆ ಹೇಗೆ ಬಂದೆವು ಅಂತ ಯಾರಾದರೂ ಯೋಚಿಸಿದ್ದೀರಾ? 1790ರ ಕಾನೂನು ಪ್ರಕಾರ ಪೌರತ್ವ ‘ಸ್ವತಂತ್ರ ಬಿಳಿಯರಿಗೆ’ ಮಾತ್ರ. ಅಂತರ್ಯುದ್ಧ ಆದಮೇಲೆ ಆಫ್ರಿಕಾ ಮೂಲದವರನ್ನೂ ಸೇರಿಸಿದರು, ನಮ್ಮನ್ನಲ್ಲ. ಭಗತ್ ಸಿಂಗ್ ಥಿಂಡ್ ಅನ್ನುವ ಪಂಜಾಬಿ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವನು, ಪೌರತ್ವ ಕೇಳಿದ. 1923ರಲ್ಲಿ ಸುಪ್ರೀಂ ಕೋರ್ಟು ಆಗುವುದಿಲ್ಲ ಅಂದಿತು. 1946ರಲ್ಲಿ ಬಾಗಿಲು ಸ್ವಲ್ಪ ತೆರೆಯಿತು, ಇಡೀ ಭಾರತಕ್ಕೆ ವರ್ಷಕ್ಕೆ ನೂರೇ ಜನ. ಆಮೇಲೆ 1964ರ ನಾಗರಿಕ ಹಕ್ಕು ಕಾಯ್ದೆ, 1965ರ ಆಗಸ್ಟಿನಲ್ಲಿ ವೋಟಿನ ಹಕ್ಕು ಕಾಯ್ದೆ, ಅದೇ ಅಕ್ಟೋಬರ್ 3ಕ್ಕೆ ವಲಸೆ ಕಾಯ್ದೆ. ಮೂರಕ್ಕೂ ಸಹಿ ಅಧ್ಯಕ್ಷ ಜಾನ್ಸನ್ನರದು. ಆ ಹಕ್ಕಿಗಾಗಿ ಬೀದಿಯಲ್ಲಿ ಪೊಲೀಸರ ನಾಯಿ ಕಚ್ಚಿಸಿಕೊಂಡವರು ಕಪ್ಪು ಜನ. ಆ ಬಾಗಿಲಲ್ಲಿ ಒಳಗೆ ಬಂದವರು ನಾವು.

ಪ್ಲೇನೋ ರಂಗ:
ನಾನು ಒಳಗೆ ಬಂದಿದ್ದು ನಮ್ಮಪ್ಪ ತೋಟ ಅಡವಿಟ್ಟು ತೆಗೆದ ಸಾಲದಲ್ಲಿ. ಯಾರ ಋಣದಲ್ಲೂ ಅಲ್ಲ. ನೂರು ವರ್ಷದ ಹಿಂದಿನ ಕೇಸು ತಂದು ಈಗಿನವರ ತಲೆಗೆ ಕಟ್ಟಬೇಡಿ ಅಜ್ಜ.

ಕೋಲಾರದ ಹುಡುಗಿ:
ಅಜ್ಜ ಅರ್ಧ ಬಿಟ್ಟರು. ಥಿಂಡ್ ಕೋರ್ಟಿನಲ್ಲಿ ವಾದಿಸಿದ್ದು ಏನು? ‘ನಾನು ಮೇಲ್ಜಾತಿಯವನು, ಆರ್ಯ ರಕ್ತದವನು, ಹಾಗಾಗಿ ನಾನೂ ಬಿಳಿಯ’ ಅಂತ. ಈ ಕಾನೂನೇ ಅನ್ಯಾಯ ಅನ್ನಲಿಲ್ಲ, ನನ್ನನ್ನೂ ಆ ಪಂಕ್ತಿಗೆ ಸೇರಿಸಿ ಅಂದ. ಪಂಕ್ತಿಭೇದದ ಪಾಠ ಊರಿಂದಲೇ ಕಟ್ಟಿಕೊಂಡು ಬಂದಿದ್ದು. ಕೋರ್ಟಿನವರು, ಬೀದಿಯಲ್ಲಿ ಹೋಗುವ ಸಾಮಾನ್ಯ ಬಿಳಿಯ ನಿನ್ನನ್ನು ಬಿಳಿಯ ಅನ್ನುತ್ತಾನಾ ನೋಡು ಅಂದರು. ಅಷ್ಟೇ.

ಲೆಕ್ಕದ ಮೇಷ್ಟ್ರು:
ನೋಡಿ, ಜಾತಿ ಬಂತು. ಕೊನೆಗೆ ಎಲ್ಲವೂ ಅಲ್ಲಿಗೇ ಬರುತ್ತದೆ. 2023ರ ಫೆಬ್ರುವರಿಯಲ್ಲಿ ಸಿಯಾಟಲ್ ನಗರ ಜಾತಿಭೇದ ನಿಷೇಧಿಸುವ ಕಾನೂನು ಮಾಡಿತು. ಭಾರತೀಯ ಅಂದರೆ ಹುಟ್ಟಿನಿಂದಲೇ ಅನುಮಾನಿತ. ಇದೇ ಗುರುತಿನ ರಾಜಕೀಯ. ಮಕ್ಕಳಿಗೆ ಗೋತ್ರ ಗೊತ್ತಿಲ್ಲ ಇಲ್ಲಿ, ಜಾತಿ ಎಲ್ಲಿಂದ?

ಕೋಲಾರದ ಹುಡುಗಿ:
ನಾನು ಇಲ್ಲಿ ಓದಲು ಬಂದ ಮೊದಲ ವಾರ, ರೂಮಿಗೆ ಜೊತೆಯಾಗಲು ಹೋದ ಮನೆಯಲ್ಲಿ ಅಡ್ಡ ಹೆಸರು ಕೇಳಿದರು, ಊರು ಕೇಳಿದರು, ಊರಲ್ಲಿ ಯಾವ ಬೀದಿ ಅಂತ ಕೇಳಿದರು. ಆಮೇಲೆ ‘ನಾವು ಮೊಟ್ಟೆ ಕೂಡ ಮಾಡುವುದಿಲ್ಲ, ನಿಮಗೆ ಕಷ್ಟ ಆಗುತ್ತದೆ’ ಅಂದರು. ಮೊಟ್ಟೆ ವಿಷಯ ನಾನು ಎತ್ತಿಯೇ ಇರಲಿಲ್ಲ. ಫ್ರಿಜ್ಜಿನ ಬಾಗಿಲಲ್ಲಿ ಆರು ಮೊಟ್ಟೆ ಇದ್ದವು, ನೀರು ಕೊಡಲು ತೆಗೆದಾಗ ಕಂಡೆ.

ವಿದ್ಯಾ ಅಕ್ಕ, ಕ್ಯಾಲಿಫೋರ್ನಿಯಾದಲ್ಲಿ ಜಾತಿಭೇದ ನಿಷೇಧಿಸುವ ಮಸೂದೆ ಎಸ್‌ಬಿ 403 ಬಂದಾಗ ನೀವು ಯಾವ ಕಡೆ ಇದ್ದಿರಿ?

ವಿದ್ಯಾ ಫ್ರೀಮಾಂಟ್:
ಅದು ಬೇರೆ ವಿಷಯ. ಅದರಲ್ಲಿ ಕಾನೂನಿನ ತೊಡಕುಗಳಿದ್ದವು.

ಪ್ಲೇನೋ ರಂಗ:
ಹಹ್ಹಾ!

ಲೆಕ್ಕದ ಮೇಷ್ಟ್ರು:
ದಾಖಲೆಗೆ ಇರಲಿ. 2023ರ ಅಕ್ಟೋಬರಿನಲ್ಲಿ ಅದಕ್ಕೆ ಸಹಿ ಹಾಕದೆ ವಾಪಸ್ ಕಳಿಸಿದ್ದು ಗವರ್ನರ್ ನ್ಯೂಸಮ್. ಡೆಮಾಕ್ರಟ್.

ಕೋಲಾರದ ಹುಡುಗಿ:
ಈಗಿರುವ ಕಾನೂನಿನಲ್ಲೇ ಜಾತಿಭೇದಕ್ಕೂ ತಡೆ ಇದೆ ಅಂತ ಕಾರಣ ಕೊಟ್ಟರು. ಅಂದರೆ ಜಾತಿಭೇದ ಇದೆ ಅಂತಾಯಿತಲ್ಲ. ಅಕ್ಕ, ಯಾವ ಕಡೆ ಅಂತ ನೀವು ಇನ್ನೂ ಹೇಳಲಿಲ್ಲ.

ವಿದ್ಯಾ ಫ್ರೀಮಾಂಟ್:
ನಾನು ಶುರು ಮಾಡಿದ್ದು ‘ಕ್ರೈಸ್ತ ದೇಶ’ ಅನ್ನುವ ಮಾತಿನಿಂದ. ದಯವಿಟ್ಟು ಅಲ್ಲಿಗೆ ಬನ್ನಿ. 1797ರ ಟ್ರಿಪೋಲಿ ಒಪ್ಪಂದದಲ್ಲಿ ಅಮೆರಿಕದ ಸರ್ಕಾರ ಕ್ರೈಸ್ತ ಧರ್ಮದ ಮೇಲೆ ಕಟ್ಟಿದ್ದಲ್ಲ ಅಂತ ಬರೆದಿದೆ. ವರ್ಜೀನಿಯಾದ ಧರ್ಮ ಸ್ವಾತಂತ್ರ್ಯದ ಕಾನೂನಿನ ಬಗ್ಗೆ ಬರೆಯುವಾಗ ಅಮೆರಿಕದ ಮೂರನೇ ಅಧ್ಯಕ್ಷ ಜೆಫರ್ಸನ್, ಯೆಹೂದಿ, ಕ್ರೈಸ್ತ, ಮುಸ್ಲಿಂ ಜೊತೆಗೆ ‘ಹಿಂದೂ’ ಅಂತಲೂ ಹೆಸರು ಹೇಳಿದ್ದಾನೆ. ಆಗ ಇಲ್ಲಿ ನಮ್ಮವರು ಎಷ್ಟು ಜನ ಇದ್ದಿರಬಹುದು? ಆದರೂ ಜಾಗ ಇಟ್ಟಿದ್ದ.

ಲೆಕ್ಕದ ಮೇಷ್ಟ್ರು:
ಜೆಫರ್ಸನ್ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರನ್ನು ಇಟ್ಟುಕೊಂಡಿದ್ದವನು. ಅವನ ಪ್ರತಿಮೆ ಕೆಳಗಿಳಿಸಿದವರೂ ನಿಮ್ಮವರೇ. ಈಗ ಅವನೇ ಸಾಕ್ಷಿನಾ?

ಜಯನಗರದ ಜಾಣ:
ಮುಸ್ಲಿಂ ಅಂದಾಗ ನೆನಪಾಯಿತು. 2025ರ ನವೆಂಬರ್ 4ಕ್ಕೆ ನ್ಯೂಯಾರ್ಕಿನ ಮೇಯರ್ ಚುನಾವಣೆ ಗೆದ್ದ ಮಮ್ದಾನಿ, 2009ರಲ್ಲಿ ಕೊಲಂಬಿಯಾ ಕಾಲೇಜಿನ ಅರ್ಜಿಯಲ್ಲಿ ‘ಏಷ್ಯನ್’ಗೂ ಟಿಕ್, ‘ಬ್ಲ್ಯಾಕ್ ಅಥವಾ ಆಫ್ರಿಕನ್ ಅಮೆರಿಕನ್’ಗೂ ಟಿಕ್ ಹಾಕಿದ್ದನಂತಲ್ಲ?

ವಿದ್ಯಾ ಫ್ರೀಮಾಂಟ್:
ಹುಟ್ಟಿದ್ದು ಕಂಪಾಲಾದಲ್ಲಿ. ಆಫ್ರಿಕಾ ಅಲ್ಲದೆ ಅದೇನು ಅಂಟಾರ್ಕ್ಟಿಕಾನಾ? ಸೀಟೂ ಸಿಗಲಿಲ್ಲ ಅವನಿಗೆ. ಚುನಾವಣೆ ಉದ್ದಕ್ಕೂ ಅವನ ಧರ್ಮ ಎತ್ತಿ ಏನೆಲ್ಲ ಅಂದರು ಅದು ಬಿಟ್ಟು ನಿಮಗೆ ಟಿಕ್ ಕಂಡಿತಾ?

ಪ್ಲೇನೋ ರಂಗ:
ಹಾಗಾದರೆ ಬೇಕಾದಾಗ ‘ಬ್ಲ್ಯಾಕ್’ ಅಂತ ಟಿಕ್ ಹಾಕಬಹುದು, ರಂಗ ‘ಕರಿಯ’ ಅನ್ನಬಾರದು. ಚೆನ್ನಾಗಿದೆ ನ್ಯಾಯ.

ಮೌನಿ:
ಮತ್ತೆ ಹೊರಟಿತಲ್ಲ ಬಂಡಿ.

ಸಿದ್ದಾಪುರದವ:
ರಂಗಣ್ಣ, ಅಧ್ಯಕ್ಷ ಚುನಾವಣೆಗೆ ಹೊರಟಿದ್ದ ವಿವೇಕ್ ರಾಮಸ್ವಾಮಿ ನಿಮ್ಮ ಪಕ್ಷದವರೇ ತಾನೆ? 2024ರಲ್ಲಿ ಅವರದೇ ಪಾಡ್‌ಕಾಸ್ಟಿಗೆ ಬಂದ ಬಲಪಂಥದ ಲೇಖಕಿ ಆ್ಯನ್ ಕೋಲ್ಟರ್, ನೀನು ಹೇಳುವ ಎಷ್ಟೋ ಮಾತು ಒಪ್ಪಿದರೂ ನಿನಗೆ ವೋಟು ಹಾಕುತ್ತಿರಲಿಲ್ಲ, ನೀನು ಇಂಡಿಯನ್ ಅಂತ ಮುಖದ ಮೇಲೇ ಹೇಳಿದರು. ವಿವೇಕ್ ಆಮೇಲೆ, ಆಕೆ ಮನಸ್ಸಿನಲ್ಲಿದ್ದದ್ದನ್ನು ಹೇಳುವ ಧೈರ್ಯ ತೋರಿಸಿದರು, ಅದಕ್ಕೆ ಗೌರವ ಇದೆ ಅಂದರು. ಇದನ್ನು ನಮ್ಮೂರಲ್ಲಿ ಏನಂತಾರೆ ಗೊತ್ತಲ್ಲ.

ಪ್ಲೇನೋ ರಂಗ:
ಮುಖದ ಮೇಲೆ ಹೇಳಿದಳು, ಒಪ್ಪಿದೆ. ಹಾರ್ವರ್ಡಿನವರು ನಗುತ್ತಾ ನಮ್ಮ ಮಕ್ಕಳ ವ್ಯಕ್ತಿತ್ವಕ್ಕೆ ಕಡಿಮೆ ಮಾರ್ಕ್ಸು ಹಾಕಿದರು. ನನಗೆ ಮುಖದ ಮೇಲೆ ಹೇಳುವವರೇ ವಾಸಿ.

ಕೋಲಾರದ ಹುಡುಗಿ:
ಅದಕ್ಕೇ ನಾನೂ ನಿಮ್ಮ ಮುಖದ ಮೇಲೆ ಹೇಳುತ್ತಿದ್ದೇನೆ. ಆ ಪದ ಬಿಡಿ.

ಪ್ಲೇನೋ ರಂಗ:
ಬಿಡುವುದಿಲ್ಲ. ನಾನು ಯಾರಿಗೂ ಕೆಟ್ಟದ್ದು ಮಾಡಿಲ್ಲ. ನಮ್ಮ ಭಾವನ ಅಂಗಡಿಯಲ್ಲಿ ಕೆಲಸಕ್ಕಿರುವ ಇಬ್ಬರೂ ಕರಿಯ ಹುಡುಗರೇ. ಹೋದ ವರ್ಷ ರಾತ್ರಿ ಯಾರೋ ಮುಂದಿನ ಗಾಜು ಒಡೆದು ಸಿಗರೇಟು ಪೆಟ್ಟಿಗೆ ಹೊತ್ತುಕೊಂಡು ಹೋದರು. ಬೆಳಿಗ್ಗೆ ಭಾವ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಎದುರು ಚರ್ಚಿನ ಹೆಂಗಸರು ಭಾನುವಾರದ ಟೋಪಿ, ಕೈಗವಸು ಹಾಕಿಕೊಂಡವರು ಹಾಗೇ ಪೊರಕೆ ಹಿಡಿದು ಬಂದು ಗಾಜಿನ ಚೂರೆಲ್ಲ ಗುಡಿಸಿಕೊಟ್ಟರು. ಅವರಲ್ಲಿ ಒಬ್ಬರು, 80 ದಾಟಿದವರು, ಮಧ್ಯಾಹ್ನ ಗೆಣಸಿನ ಪೈ ತಂದುಕೊಟ್ಟರು. ಇವತ್ತಿಗೂ ಹಬ್ಬಕ್ಕೆ ಅಕ್ಕ ಅವರ ಮನೆಗೆ ಒಬ್ಬಟ್ಟು ಕಳಿಸುತ್ತಾಳೆ. ಇದನ್ನೆಲ್ಲ ನಾನು ಇಲ್ಲ ಅಂದಿದ್ದೇನಾ?

ಕೋಲಾರದ ಹುಡುಗಿ:
ಎದುರು ಚರ್ಚಿನ ಹೆಂಗಸರು. ಗನ್ ಹಿಡಿದವರಿಗೆ ಬಣ್ಣ ಹಚ್ಚಿದಿರಿ, ಪೊರಕೆ ಹಿಡಿದವರಿಗೆ ಮರೆತಿರಿ.

ಪ್ಲೇನೋ ರಂಗ:
ಅಯ್ಯೋ ದೇವರೇ. ಹೇಳಿದರೂ ತಪ್ಪು, ಹೇಳದಿದ್ದರೂ ತಪ್ಪು.

ಎಡಿಸನ್ ಅಜ್ಜ:
ಅಪ್ಪಾ ರಂಗ, ಸುಮ್ನೆ ಕೇಳುತ್ತೇನೆ. ಆ ಪೈ ತಂದವರನ್ನು ನಿಮ್ಮ ಭಾವ ಏನಂತ ಕರೆಯುತ್ತಾನೆ?

ಪ್ಲೇನೋ ರಂಗ:
ಮ್ಯಾಮ್ ಅಂತ. ಟೆಕ್ಸಾಸಿನಲ್ಲಿ ಇನ್ನೇನಂತ ಕರೆಯುತ್ತಾರೆ?

ಸಿದ್ದಾಪುರದವ:
ದಾಖಲೆಗೆ ಇರಲಿ ಮೇಷ್ಟ್ರೇ.

ಪ್ಲೇನೋ ರಂಗ:
ಏನು ದಾಖಲೆ? ನಾನು ಒಪ್ಪಿಲ್ಲ ಅಂತ ಮೊದಲೇ ಹೇಳಿದ್ದೇನೆ. ವಿದ್ಯಾ ಅವರು ಚೀನೋ ಹಿಲ್ಸ್ ಬಗ್ಗೆ ಇನ್ನೂ ಬಾಯಿ ಬಿಟ್ಟಿಲ್ಲ.

ವಿದ್ಯಾ ಫ್ರೀಮಾಂಟ್:
ನೀವು ಡಂಕನ್‌ನ ಪಕ್ಷದಿಂದ ಒಂದು ಕ್ಷಮೆ ಕೇಳಿಸಿ, ಆಮೇಲೆ ಬಾಯಿ ಬಿಡುತ್ತೇನೆ.

ಲೆಕ್ಕದ ಮೇಷ್ಟ್ರು:
ಎಂಐಟಿ ಅಂಕಿಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಮೌನಿ:
ಶನಿವಾರ ಶುಗರ್ ಲ್ಯಾಂಡಿಗೆ ಹೋಗುತ್ತಿದ್ದೇವೆ, ಮಕ್ಕಳಿಗೆ ಹನುಮಂತನನ್ನು ತೋರಿಸಲು. ಅಲ್ಲಿ ಪಾರ್ಕಿಂಗ್ ಸಿಗುತ್ತದಾ? ಎರಡೂ ಪಕ್ಷದವರು ಉತ್ತರಿಸಬಹುದು.